ಕೋಷ್ಟಕದ ತಲೆಬರಹ

ಪಹಣಿಯ ಒಂದು ಹಾಳೆಯನ್ನು ನೀವು ಎದುರಿಗೆ ಇಟ್ಟುಕೊಂಡಿದ್ದೀರೆಂದು ಭಾವಿಸಿ. ವಿಸ್ತೀರ್ಣದ ಕಲಮಿನಲ್ಲಿ 2-20 ಎಂದು ಬರೆದಿದೆ. ನಮ್ಮ ರೈತನಿಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ 40 ಗುಂಟೆ ತಾನೆ? ಆದರೆ ಪಹಣಿಯನ್ನು ಎಂದೂ ಕಾಣದ, ದಶಮಾಂಶ ಪದ್ಧತಿಯನ್ನು ಮಾತ್ರ ಬಲ್ಲ ಒಬ್ಬ ಲೆಕ್ಕಿಗನ ಕೈಗೆ ಅದೇ ಹಾಳೆಯನ್ನು ಕೊಟ್ಟರೆ ಅವನು ಅದನ್ನು 2.20 ಎಂದು ಓದಿಕೊಳ್ಳುತ್ತಾನೆ. ಹನ್ನೆರಡು ಗುಂಟೆ ಭೂಮಿ ಅಲ್ಲಿಗೇ ಮಾಯ! ಅವನ ಕೂಡುವಿಕೆಯಲ್ಲಿ ತಪ್ಪಿಲ್ಲ, ಕಳೆಯುವಿಕೆಯಲ್ಲಿ ತಪ್ಪಿಲ್ಲ; ಅಂಕಿಯೂ ಬರೆದಂತೆಯೇ ಇದೆ. ಅಂಕಿಯ ಬಗ್ಗೆ ತಿಳಿದಿರಬೇಕಾಗಿದ್ದ ಇನ್ನೊಂದು ಸಂಗತಿ ಅವನಿಗೆ ತಿಳಿದಿರಲಿಲ್ಲ, ಅಷ್ಟೆ.

ಈ ಇನ್ನೊಂದು ಸಂಗತಿಗೆ ಕಂಪ್ಯೂಟರ್ ಬಲ್ಲವರು ಇಟ್ಟ ಹೆಸರು ಮೆಟಾಡೇಟಾ ಎಂದು. ಮಾಹಿತಿಯನ್ನು ಕುರಿತ ಮಾಹಿತಿ ಎನ್ನಬಹುದು. ಈ ಕಲಮಿನಲ್ಲಿರುವುದು ಏನು, ಅದರ ಅಳತೆ ಯಾವುದು, ಯಾವ ವಸ್ತುವಿಗೆ ಸೇರಿದ್ದು, ಎಲ್ಲಿಂದ ಎಲ್ಲಿಯವರೆಗೆ ಇರಬಹುದು, ಬರಿದಾಗಿ ಬಿಟ್ಟಿದ್ದರೆ ಅದು ಸೊನ್ನೆಯೋ ಅಥವಾ ಅಳೆದೇ ಇಲ್ಲವೋ, ಇವೆಲ್ಲ ಅದರಲ್ಲಿ ಸೇರುತ್ತವೆ. ನಾನು ಸರಳವಾಗಿ ತಲೆಬರಹ ಎಂದೇ ಕರೆಯುತ್ತೇನೆ. ಇದಕ್ಕೂ ‘ಇದ್ದುದರಲ್ಲಿ ಅತ್ಯುತ್ತಮವಾದುದನ್ನು ಆರಿಸುವ’ ಗಣಿತಕ್ಕೂ ಬೆಳೆದ ನಂಟಿನ ಕಥೆ ಸುಮಾರು ಎಂಬತ್ತು ವರ್ಷಗಳದು. ವಿಚಿತ್ರವೆಂದರೆ ಅದರ ಬಹುಭಾಗ ಅನ್ನದ ಕಥೆ.

1945ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಜೀವನಾಧಾರಕ್ಕೆ ತಗಲುವ ಕನಿಷ್ಠ ವೆಚ್ಚವೆಷ್ಟು ಎಂಬುದು ಅದರ ವಿಷಯ. 154 ಪೌಂಡು ತೂಕದ, ಮಿತವಾಗಿ ದುಡಿಯುವ ಒಬ್ಬ ಗಂಡಸು. ಅವನ ದೇಹಕ್ಕೆ ಬೇಕಾದ ಶಕ್ತಿ, ಪ್ರೋಟೀನು, ಸುಣ್ಣದ ಅಂಶ, ಕಬ್ಬಿಣ, ಐದು ಬಗೆಯ ಜೀವಸತ್ವಗಳು, ಒಟ್ಟು 9 ಬೇಡಿಕೆಗಳು. ಅಂಗಡಿಯಲ್ಲಿ ದೊರೆಯುವ 77 ಆಹಾರ ಪದಾರ್ಥಗಳು. ಈ 77ರಲ್ಲಿ ಯಾವುದನ್ನು ಎಷ್ಟೆಷ್ಟು ಕೊಂಡರೆ ಒಂಬತ್ತೂ ಬೇಡಿಕೆಗಳು ಪೂರೈಸಿ ವೆಚ್ಚ ಎಲ್ಲಕ್ಕಿಂತ ಕಡಿಮೆಯಾಗುತ್ತದೆ? ಇಂಥ ಪ್ರಶ್ನೆಯನ್ನು ಬಿಡಿಸುವ ನೇರವಾದ ವಿಧಾನ ಆಗ ಸ್ಟಿಗ್ಲರರ ಕೈಯಲ್ಲಿರಲಿಲ್ಲ. ಅವರು ಯಾವ ಲೆಕ್ಕದಲ್ಲೂ ಗೆಲ್ಲಲಾರದ ಪದಾರ್ಥಗಳನ್ನು ಒಂದೊಂದಾಗಿ ಕೈಬಿಟ್ಟು, ಉಳಿದ ಹದಿನೈದರಲ್ಲಿ ತೂಗಿ ನೋಡಿ ಒಂದು ಉತ್ತರಕ್ಕೆ ಬಂದರು. ವರ್ಷಕ್ಕೆ ಗೋಧಿ ಹಿಟ್ಟು 370 ಪೌಂಡು, ಬತ್ತಿಸಿದ ಹಾಲು 57 ಡಬ್ಬಿ, ಎಲೆಕೋಸು 111 ಪೌಂಡು, ಪಾಲಕ್ ಸೊಪ್ಪು 23 ಪೌಂಡು, ಒಣಗಿದ ಬಿಳಿ ಹುರುಳಿಕಾಯಿ ಬೀಜ 285 ಪೌಂಡು. 1939ರ ದರದಂತೆ ಒಟ್ಟು ವೆಚ್ಚ 39 ಡಾಲರು 93 ಸೆಂಟು. ಇದನ್ನೇ ಉಣ್ಣಿರಿ ಎಂದು ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೇಳುವವರಾದರೂ ಯಾರು?

ಸ್ಟಿಗ್ಲರರ ಕೋಷ್ಟಕದ ತಲೆಯ ಮೇಲೆ ನೀವು ಒಮ್ಮೆ ಕಣ್ಣಾಡಿಸಬೇಕು. ಗೋಧಿ ಹಿಟ್ಟಿನ ಮುಂದೆ, ಎಲೆಕೋಸಿನ ಮುಂದೆ ಇರುವ ಅಂಕಿಗಳು ಒಂದು ಪೌಂಡಿನಲ್ಲಿ ಎಷ್ಟು ಪೋಷಕಾಂಶ ಇದೆ ಎಂದು ಹೇಳುವುದಿಲ್ಲ. ಒಂದು ಡಾಲರು ಕೊಟ್ಟು ಕೊಂಡಷ್ಟರಲ್ಲಿ ಎಷ್ಟು ಇದೆ ಎಂದು ಹೇಳುತ್ತವೆ. ಅದೂ 1939ರ ಆಗಸ್ಟ್ 15ರ ಪೇಟೆಯ ದರದಲ್ಲಿ. ಶಕ್ತಿಯ ಕಲಮು ಸಾವಿರ ಕ್ಯಾಲೊರಿಗಳಲ್ಲಿ, ಸುಣ್ಣದ ಅಂಶ ಗ್ರಾಮಿನಲ್ಲಿ, ಕಬ್ಬಿಣ ಮಿಲಿಗ್ರಾಮಿನಲ್ಲಿ. ಇದನ್ನೆಲ್ಲ ಹೇಳುವುದು ಮೇಲಿನ ಎರಡು ಸಾಲುಗಳು ಮಾತ್ರ. ಆ ಸಾಲುಗಳನ್ನು ಕತ್ತರಿಸಿ ತೆಗೆದರೆ ಕೆಳಗಿನ ಏಳುನೂರಕ್ಕೆ ಸಮೀಪವಾದ ಅಂಕಿಗಳಿಗೆ ಬಾಯಿಯೇ ಇಲ್ಲ.

1947ರಲ್ಲಿ ಜಾರ್ಜ್ ಡ್ಯಾಂಟ್ಸಿಗ್ ಎಂಬ ಗಣಿತಜ್ಞರು ಅಮೆರಿಕದ ವಾಯುಪಡೆಯ ಯೋಜನೆಗಳಿಗಾಗಿ ಕೆಲಸಮಾಡುತ್ತ ‘ಸಿಂಪ್ಲೆಕ್ಸ್’ ಎಂಬ ವಿಧಾನವನ್ನು ಕಂಡುಹಿಡಿದರು. ಸ್ಟಿಗ್ಲರರ ಪ್ರಶ್ನೆಯಂಥವನ್ನು ಅಂದಾಜಿಲ್ಲದೆ ಬಿಡಿಸುವ ದಾರಿ ಇದು. ಅದರ ಪರೀಕ್ಷೆಗೆ ಸ್ಟಿಗ್ಲರರ ಕೋಷ್ಟಕವನ್ನೇ ಆರಿಸಿಕೊಂಡರು. ನ್ಯೂಯಾರ್ಕಿನಲ್ಲಿ ಜಾಕ್ ಲ್ಯಾಡರ್ಮನ್‌ರ ಮೇಲ್ವಿಚಾರಣೆಯಲ್ಲಿ ಒಂಬತ್ತು ಮಂದಿ ಗುಮಾಸ್ತರು ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳ ಮುಂದೆ ಕುಳಿತರು. ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ ಆಯಿತು. ಬಂದ ಉತ್ತರ 39 ಡಾಲರು 69 ಸೆಂಟು. ಸ್ಟಿಗ್ಲರರ ಊಹೆಗೂ ಗಣಿತದ ಉತ್ತರಕ್ಕೂ ವರ್ಷಕ್ಕೆ ಕೇವಲ 24 ಸೆಂಟುಗಳ ಅಂತರ. ಯಾರನ್ನು ಮೆಚ್ಚಬೇಕು ಎಂಬುದನ್ನು ನಿಮಗೇ ಬಿಡುತ್ತೇನೆ.

ಇಲ್ಲಿಯವರೆಗೆ ಕೋಷ್ಟಕವನ್ನು ಓದುತ್ತಿದ್ದವರು ಮನುಷ್ಯರು. ಗುಮಾಸ್ತರಿಗೆ ಹೊಟ್ಟೆಯಿತ್ತು, ಮನೆಯಲ್ಲಿ ಅಡಿಗೆಯಿತ್ತು. ಅಸಂಬದ್ಧವಾದ ಅಂಕಿಯೊಂದು ಬಂದರೆ ‘ಇದೇನಿದು?’ ಎನ್ನುವ ಬುದ್ಧಿ ಇತ್ತು. ಮುಂದಿನ ಹೆಜ್ಜೆಯಲ್ಲಿ ಆ ಜಾಗಕ್ಕೆ ಎಲೆಕ್ಟ್ರಾನಿಕ್ ಯಂತ್ರ ಬಂತು.

1950ರ ದಶಕದ ಮೊದಲ ಭಾಗದಲ್ಲಿ ಡ್ಯಾಂಟ್ಸಿಗ್ ರ್‍ಯಾಂಡ್ ಸಂಸ್ಥೆಯಲ್ಲಿದ್ದಾಗ ವೈದ್ಯರು ಅವರಿಗೆ ತೂಕ ಇಳಿಸಿಕೊಳ್ಳಲು ಹೇಳಿದರು. ತಾನು ಕಂಡುಹಿಡಿದ ವಿಧಾನವಿರುವಾಗ ಪಥ್ಯದ ಪುಸ್ತಕವೇಕೆ ಎಂದುಕೊಂಡ ಅವರು ತಮ್ಮ ಊಟವನ್ನು ಐಬಿಎಂ 701 ಯಂತ್ರವೇ ಗೊತ್ತುಮಾಡಲಿ ಎಂದು ತೀರ್ಮಾನಿಸಿದರು. ದಿನಕ್ಕೆ 1,500 ಕ್ಯಾಲೊರಿಗೆ ಮೀರಬಾರದು. ಹೊಟ್ಟೆ ಮಾತ್ರ ಆದಷ್ಟೂ ತುಂಬಿರಬೇಕು. ಹೊಟ್ಟೆ ತುಂಬುವುದನ್ನು ಅಳೆಯುವುದು ಹೇಗೆ? ಆಹಾರದ ತೂಕದಲ್ಲಿ ನೀರಿನ ತೂಕವನ್ನು ಕಳೆದು ಉಳಿದದ್ದು ಎಂದು ಇಟ್ಟುಕೊಂಡರು. ಜಾಣತನದ ಎಣಿಕೆಯೇ.

ಯಂತ್ರ ಮೊದಲನೆಯ ದಿನ ಕೊಟ್ಟ ಪಟ್ಟಿಯನ್ನು ಮನೆಯಲ್ಲಿ ಅವರ ಹೆಂಡತಿ ಆ್ಯನ್ ಬರೆದುಕೊಂಡರು. ಪಟ್ಟಿಯಲ್ಲಿ 500 ಗ್ಯಾಲನ್ ವಿನಿಗರ್ ಇತ್ತು! ವಿಚಾರಿಸಿ ನೋಡಿದರೆ, ಆಹಾರದ ಪಟ್ಟಿಯಲ್ಲಿ ವಿನಿಗರಿನ ನೀರಿನಂಶದ ಜಾಗದಲ್ಲಿ ಸೊನ್ನೆ ಇದ್ದಿತು. ಬಹುಪಾಲು ನೀರೇ ಆದ ಪದಾರ್ಥ ಯಂತ್ರದ ಕಣ್ಣಿಗೆ ಒಣ ಪದಾರ್ಥವಾಗಿ ಕಂಡಿತ್ತು, ಕ್ಯಾಲೊರಿಯಂತೂ ಇಲ್ಲವೆನ್ನುವಷ್ಟು. ಹೊಟ್ಟೆ ತುಂಬಿಸಲು ಇದಕ್ಕಿಂತ ಬೇರೆ ಬೇಕೆ? ವಿನಿಗರನ್ನು ಪಟ್ಟಿಯಿಂದ ಹೊರಗೆ ಹಾಕಿದ್ದಾಯಿತು. ಮರುದಿನ ದಿನಕ್ಕೆ 200 ಬೂಯಾನ್ ಬಿಲ್ಲೆಗಳು ಬಂದವು. ಬೂಯಾನ್ ಬಿಲ್ಲೆಯೆಂದರೆ ಮಾಂಸದ ಸಾರನ್ನು ಉಪ್ಪಿನೊಡನೆ ಒಣಗಿಸಿ ಮಾಡಿದ ಗಟ್ಟಿ. ಬಿಸಿನೀರಿಗೆ ಹಾಕಿದರೆ ಸಾರಾಗುತ್ತದೆ. ಡ್ಯಾಂಟ್ಸಿಗ್ ಬೆಳಿಗ್ಗೆ ಕೆಲವು ಬಿಲ್ಲೆಗಳನ್ನು ನೀರಿನಲ್ಲಿ ಕರಗಿಸಿ ಬಾಯಿಗಿಟ್ಟು ಉಗುಳಿಬಿಟ್ಟರಂತೆ; ಬರಿಯ ಉಪ್ಪುನೀರು. ಪೋಷಕಾಂಶಗಳ ಕೋಷ್ಟಕದಲ್ಲಿ ಇಷ್ಟಕ್ಕೆ ಕಡಿಮೆಯಾಗಬಾರದು ಎಂದಿತ್ತೇ ಹೊರತು ಉಪ್ಪು ಇಷ್ಟಕ್ಕೆ ಮೀರಬಾರದು ಎಂದು ಎಲ್ಲಿಯೂ ಇರಲಿಲ್ಲ. ಅಷ್ಟು ಉಪ್ಪನ್ನು ಯಾರು ತಿಂದಾರು ಎಂಬುದು ಬರೆದವರ ಭರವಸೆ. ದಿನಕ್ಕೆ ಮೂರು ಬಿಲ್ಲೆಗೆ ಮೀರಬಾರದು ಎಂಬ ಕಟ್ಟನ್ನು ಸೇರಿಸಿದರು. ಈ ಗಣಿತದಲ್ಲಿ ಮೇಲ್ಮಿತಿ ಎಂಬುದು ಹುಟ್ಟಿದ್ದೇ ಹೀಗೆ ಎಂದು ಅವರು 1990ರಲ್ಲಿ ಬರೆದ ಲೇಖನದಲ್ಲಿ ವಿನೋದವಾಗಿ ಹೇಳಿದ್ದಾರೆ. ಆಮೇಲೆ ಯಂತ್ರ ಸೇರುಗಟ್ಟಲೆ ಬೂಸಾ ತಿನ್ನಲು ಹೇಳಿತು. ಅದಕ್ಕೂ ಮಿತಿ ಹಾಕಿದಾಗ ಕಾಕಂಬಿಗೆ ತಿರುಗಿತು. ನಮ್ಮಲ್ಲಾದರೆ ಈ ಎರಡನ್ನೂ ದನಗಳ ಕಡೆಗೆ ಸರಿಸುತ್ತಿದ್ದರು! ಕೊನೆಗೆ ಆ್ಯನ್, ಯಂತ್ರ ಹೇಳಿದ್ದರಲ್ಲಿ ಒಳ್ಳೆಯದೆಂದು ತೋರಿದ್ದನ್ನು ಮಾತ್ರ ಇಟ್ಟುಕೊಂಡು, ಊಟವನ್ನು ತಾವೇ ಗೊತ್ತುಮಾಡಿದರು. ತೂಕವೂ ಇಳಿಯಿತು.

ಈ ಪ್ರಸಂಗವನ್ನು ಯಂತ್ರದ ದಡ್ಡತನಕ್ಕೆ ಉದಾಹರಣೆಯಾಗಿ ಹೇಳಿ ನಗುವವರುಂಟು. ಅದು ಸರಿಯಲ್ಲವೆಂದು ನನಗೆ ತೋರುತ್ತದೆ. ಯಂತ್ರ ಮಾಡಿದ ಲೆಕ್ಕ ಪ್ರತಿ ಸಲವೂ ಸರಿಯಾಗಿಯೇ ಇತ್ತು. ಕೊರತೆ ಇದ್ದದ್ದು ಎರಡು ಕಡೆ. ವಿನಿಗರಿನ ಮುಂದಿನ ಸೊನ್ನೆ ನಿಜವಾದ ಸೊನ್ನೆಯೇ ಎಂದು ಕೇಳುವ ಅನುಕೂಲ ಅದಕ್ಕಿರಲಿಲ್ಲ. ಯಾವ ಪದಾರ್ಥಕ್ಕೆ ಎಷ್ಟು ಮಿತಿ ಎಂಬ ಕಲಮೇ ಕೋಷ್ಟಕದಲ್ಲಿರಲಿಲ್ಲ. ಎರಡೂ ತಲೆಬರಹಕ್ಕೆ ಸಂಬಂಧಪಟ್ಟವು. ಅದು ಇದ್ದದ್ದು ಆ್ಯನ್ ಅವರ ತಲೆಯಲ್ಲಿ.

ಮುಂದಿನ ಇಪ್ಪತ್ತು ವರ್ಷ ಈ ಗಣಿತ ಅಡಿಗೆಮನೆಯನ್ನು ಬಿಟ್ಟು ಪೆಟ್ರೋಲ್ ಶುದ್ಧೀಕರಣದ ಕಾರಖಾನೆಗಳಿಗೆ, ಉಕ್ಕಿನ ಗಿರಣಿಗಳಿಗೆ, ರೈಲು ವಿಮಾನಗಳ ವೇಳಾಪಟ್ಟಿಗೆ ಹಬ್ಬಿತು. ಪ್ರಶ್ನೆಗಳು ದೊಡ್ಡವಾದವು. ಯಂತ್ರಕ್ಕೆ ಅಂಕಿಗಳನ್ನು ಉಣಿಸುತ್ತಿದ್ದದ್ದು ತೂತು ಹೊಡೆದ ಕಾರ್ಡುಗಳ ಮೂಲಕ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಪದ್ಧತಿಯೊಂದು ಎಲ್ಲರಿಗೂ ರೂಢಿಯಾಯಿತು. ಎಂಪಿಎಸ್ ಎಂದು ಅದರ ಹೆಸರು, ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಪ್ರತಿಯೊಂದು ಸಾಲಿಗೆ, ಪ್ರತಿಯೊಂದು ಕಲಮಿಗೆ ಒಂದೊಂದು ಹೆಸರು. ಹೆಸರಿಗೆ ಎಂಟು ಅಕ್ಷರಗಳ ಜಾಗ, ಅಷ್ಟೆ. ಮಾರ್ಚ್ ತಿಂಗಳಲ್ಲಿ, ಎರಡನೆಯ ಗಿರಣಿಯಿಂದ, ಮೂರನೆಯ ಉಗ್ರಾಣಕ್ಕೆ, ಇಂಥ ದರ್ಜೆಯ ಸರಕು ಸಾಗಿಸಿದ್ದು ಎಂಬ ಅಷ್ಟುದ್ದದ ಅರ್ಥವನ್ನು ಎಂಟು ಅಕ್ಷರಗಳಲ್ಲಿ ಮಡಿಚಿ ಇಡಬೇಕು. ಮಡಿಚಿದವನು ಕೆಲಸ ಬಿಟ್ಟು ಹೋದರೆ ಬಿಚ್ಚುವವರು ಯಾರು? ದೊಡ್ಡ ಪ್ರಶ್ನೆಯಲ್ಲಿ ಇಂಥ ಹೆಸರುಗಳು ಸಾವಿರಾರು. ಅವನ್ನು ಕೈಯಿಂದ ಬರೆಯುವುದು ಆಗದ ಮಾತು ಎಂದು, ಕಾರ್ಡುಗಳನ್ನು ತಾನೇ ತಯಾರಿಸುವ ಬೇರೊಂದು ಪ್ರೋಗ್ರಾಮನ್ನು ಬರೆಯುವ ವಾಡಿಕೆ ಬಂತು. ಒಂದು ಸಂಸ್ಥೆಯ ಪ್ರೋಗ್ರಾಮು ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ತಪ್ಪು ಸೇರಿಕೊಂಡರೆ ಹುಡುಕುವುದು ಕಣದಲ್ಲಿ ಸೂಜಿಯನ್ನು ಹುಡುಕಿದಂತೆ. ಗಣಿತದಲ್ಲಿ ಪಾರಂಗತರಾದವರು ದಿನದ ಬಹುಭಾಗವನ್ನು ಗುಮಾಸ್ತಗಿರಿಯಲ್ಲಿ ಕಳೆದ ಕಾಲ ಅದು.

ಇದೇ ಹೊತ್ತಿಗೆ ಬೇರೊಂದು ಕಡೆ, ಈ ಗಣಿತದ ಗೋಜಿಲ್ಲದೆ, ಒಂದು ದೊಡ್ಡ ಆಲೋಚನೆ ಹುಟ್ಟಿತು. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬವರು, ದೊಡ್ಡ ಮಾಹಿತಿಯ ಭಂಡಾರಗಳನ್ನೆಲ್ಲ ಸಾದಾ ಕೋಷ್ಟಕಗಳ ರೂಪದಲ್ಲಿ ಇಡಬೇಕೆಂದು ಸೂಚಿಸಿದರು. ಪ್ರತಿ ಕೋಷ್ಟಕದಲ್ಲೂ ಒಂದು ಸಾಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ಕೀಲಿ ಇರಬೇಕು. ಒಂದು ಕೋಷ್ಟಕ ಇನ್ನೊಂದರ ಕೀಲಿಯನ್ನು ಹೆಸರಿಸಿ ಅದರೊಡನೆ ಸಂಬಂಧ ಬೆಳೆಸಬೇಕು. ಇವನ್ನು ಪ್ರೈಮರಿ ಕೀ, ಫಾರಿನ್ ಕೀ ಎನ್ನುತ್ತಾರೆ. ಇದೆಲ್ಲ ಪ್ರಸಿದ್ಧವಾದ ಮಾತೇ. ನಮಗೆ ಮುಖ್ಯವಾದದ್ದು ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು. ಭಂಡಾರದಲ್ಲಿ ಯಾವ ಯಾವ ಕೋಷ್ಟಕಗಳಿವೆ, ಯಾವ ಕಲಮಿನ ಹೆಸರೇನು, ಅದರಲ್ಲಿರುವುದು ಅಕ್ಷರವೋ ಅಂಕಿಯೋ, ಯಾವುದು ಯಾವುದರ ಕೀಲಿ ಎಂಬ ವಿವರಗಳೂ ಅದೇ ಭಂಡಾರದಲ್ಲಿ ಕೋಷ್ಟಕಗಳಾಗಿಯೇ ಇರಬೇಕು. ಅಂಕಿಗಳನ್ನು ಕೇಳುವ ಭಾಷೆಯಲ್ಲೇ ಅವನ್ನೂ ಕೇಳಲು ಬರಬೇಕು. 1985ರಲ್ಲಿ ಕಾಡ್ ಪಟ್ಟಿಮಾಡಿದ ಪ್ರಸಿದ್ಧ ನಿಯಮಗಳಲ್ಲಿ ನಾಲ್ಕನೆಯದು ಇದು. 1992ರ ಎಸ್‌ಕ್ಯುಎಲ್ ಭಾಷೆಯ ಮಾನಕದಲ್ಲಿ ಇದಕ್ಕೆ ಗೊತ್ತಾದ ಒಂದು ರೂಪವೂ ಬಂತು.

ಇದರ ಮಹತ್ವವನ್ನು ಗಮನಿಸಿ. ತಲೆಬರಹ ಅಲ್ಲಿಯವರೆಗೆ ಕಾಗದದ ಮೇಲಿತ್ತು, ಇಲ್ಲವೆ ಗುಮಾಸ್ತನ ನೆನಪಿನಲ್ಲಿತ್ತು. ಈಗ ಅದನ್ನು ಯಂತ್ರವೇ ಓದಬಹುದಾಯಿತು.

ಗಣಿತದವರು ತಮ್ಮ ಕಡೆಯಿಂದ ಹತ್ತಿರ ಬರುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ವಿಶ್ವಬ್ಯಾಂಕಿನಲ್ಲಿ ಯೊಹಾನಸ್ ಬಿಸ್ಕಾಪ್, ಅಲೆಕ್ಸಾಂಡರ್ ಮೀರಾಸ್ ಎಂಬವರು ಗ್ಯಾಮ್ಸ್ ಎಂಬ ಭಾಷೆಯನ್ನು ಕಟ್ಟತೊಡಗಿದರು. ದೇಶದೇಶಗಳ ಕೃಷಿ ಮತ್ತು ಕೈಗಾರಿಕೆಗಳ ಯೋಜನೆಯ ಲೆಕ್ಕ ಅವರ ಮುಂದಿತ್ತು; ಹಾಗೆ ಕಟ್ಟಿದ ಲೆಕ್ಕ ಇನ್ನೊಬ್ಬನಿಗೂ ಓದಿ ತಿಳಿಯುವಂತಿರಬೇಕು ಎಂಬುದು ಅವರ ಹಂಬಲ. 1985ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರಾಬರ್ಟ್ ಫೂರರ್, ಡೇವಿಡ್ ಗೇ, ಬ್ರಯನ್ ಕರ್ನಿಗನ್ ಎಂಬ ಮೂವರು ಆ್ಯಂಪಲ್ ಎಂಬ ಇನ್ನೊಂದು ಭಾಷೆಯನ್ನು ಆರಂಭಿಸಿದರು. ಇದಕ್ಕೆ ಮೊದಲೇ, 1983ರಲ್ಲಿ, ಫೂರರ್ ಒಂದು ಪ್ರಬಂಧದಲ್ಲಿ ವಿಷಯವನ್ನು ಸ್ಪಷ್ಟಪಡಿಸಿದ್ದರು. ಒಂದೇ ಪ್ರಶ್ನೆಗೆ ಎರಡು ರೂಪಗಳುಂಟು. ಮನುಷ್ಯನ ಮನಸ್ಸಿನಲ್ಲಿರುವ ರೂಪ ಒಂದು, ಲೆಕ್ಕದ ಯಂತ್ರಕ್ಕೆ ಒಪ್ಪುವ ರೂಪ ಇನ್ನೊಂದು; ಮೊದಲನೆಯದನ್ನು ಎರಡನೆಯದಕ್ಕೆ ತಿರುಗಿಸುವ ದುಡಿಮೆ ಯಂತ್ರದ್ದಾಗಬೇಕು, ಮನುಷ್ಯನದಲ್ಲ. ಈ ಭಾಷೆಗಳಲ್ಲಿ ಪ್ರಶ್ನೆಯ ಆಕಾರ ಬೇರೆ, ಅಂಕಿಗಳು ಬೇರೆ. ‘ಪ್ರತಿಯೊಂದು ಪೋಷಕಾಂಶಕ್ಕೂ, ಎಲ್ಲ ಆಹಾರಗಳಿಂದ ಬಂದದ್ದು ಕೂಡಿ ಅಗತ್ಯಕ್ಕೆ ಕಡಿಮೆಯಾಗಕೂಡದು’ ಎಂದು ಒಂದೇ ವಾಕ್ಯ ಬರೆದರೆ ಸಾಕು. ಆಹಾರ 77 ಇರಲಿ, ಏಳು ಸಾವಿರ ಇರಲಿ. ಆ್ಯಂಪಲ್ ಭಾಷೆಯ ಪುಸ್ತಕದ ಎರಡನೆಯ ಅಧ್ಯಾಯ ಇದೇ ಆಹಾರದ ಪ್ರಶ್ನೆಯನ್ನು ಕುರಿತದ್ದು.

ಇನ್ನು ಎರಡನ್ನೂ ಜೋಡಿಸುವುದಷ್ಟೇ ಉಳಿಯಿತು. ಒಂದು ಸಣ್ಣ ಭಂಡಾರವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಮೂರು ಕೋಷ್ಟಕಗಳು. ಮೊದಲನೆಯದು ಆಹಾರ, ಕೀಲಿ ಆಹಾರದ ಹೆಸರು, ಪಕ್ಕದಲ್ಲಿ ದರ ಮತ್ತು ಗರಿಷ್ಠ ಮಿತಿ. ಎರಡನೆಯದು ಪೋಷಕಾಂಶ, ಕೀಲಿ ಅದರ ಹೆಸರು, ಪಕ್ಕದಲ್ಲಿ ದಿನದ ಅಗತ್ಯ. ಮೂರನೆಯದರಲ್ಲಿ ಕೀಲಿ ಜೋಡಿಯಾಗಿದೆ, ಆಹಾರವೂ ಪೋಷಕಾಂಶವೂ. ಪಕ್ಕದಲ್ಲಿ ಇದರಲ್ಲಿ ಅದು ಎಷ್ಟಿದೆ ಎಂಬ ಪ್ರಮಾಣ. ಈಗ ಒಂದು ಪ್ರೋಗ್ರಾಮು ಒಳಗಿನ ಒಂದು ಅಂಕಿಯನ್ನೂ ಮುಟ್ಟದೆ ತಲೆಬರಹಗಳನ್ನು ಮಾತ್ರ ಓದುತ್ತದೆ. ಒಂಟಿ ಕೀಲಿಯ ಕೋಷ್ಟಕಗಳು ಎರಡು. ಆದುದರಿಂದ ಪ್ರಶ್ನೆಯಲ್ಲಿ ಎರಡು ಗುಂಪುಗಳಿವೆ. ಜೋಡಿ ಕೀಲಿಯ ಕೋಷ್ಟಕ ಈ ಎರಡು ಗುಂಪುಗಳನ್ನು ಹೆಣೆಯುತ್ತದೆ. ಅದರ ಅಂಕಿಯ ಕಲಮು ಗುಣಾಕಾರದ ಪ್ರಮಾಣವಾಗಲು ತಕ್ಕದ್ದು. ಮಿತಿಯ ಕಲಮು ಇದ್ದರೆ ಅದು ಆಯ್ಕೆಗೆ ಹಾಕುವ ಕಟ್ಟು. ಬರಿದಾಗಿ ಬಿಡಕೂಡದು ಎಂದು ಗುರುತಿಸಿದ ಕಲಮಿನಲ್ಲಿ ಅಂಕಿ ಇಲ್ಲದಿದ್ದರೆ ಲೆಕ್ಕಕ್ಕೆ ಕೂರುವ ಮೊದಲೇ ತಕರಾರು ಎತ್ತಬೇಕು. ಇಷ್ಟನ್ನು ಓದಿಕೊಂಡರೆ ಪ್ರಶ್ನೆಯ ಅಸ್ಥಿಪಂಜರ ತಾನಾಗಿಯೇ ನಿಲ್ಲುತ್ತದೆ. 2003ರಲ್ಲಿ ಬಂದ ಆ್ಯಂಪಲ್ ಪುಸ್ತಕದ ಎರಡನೆಯ ಆವೃತ್ತಿಯಲ್ಲಿ, ಭಂಡಾರದ ಕೀಲಿಯ ಕಲಮು ಗುಂಪಾಗಿ, ಉಳಿದ ಕಲಮುಗಳು ಅಂಕಿಗಳಾಗಿ ಒಳಬರುವ ಏರ್ಪಾಡಿಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ಜೋಡಿಸುವ ಸಾಲುಗಳನ್ನು ಮನುಷ್ಯ ಬರೆಯಬೇಕು. ತಲೆಬರಹವನ್ನು ಓದಬಲ್ಲ ಪ್ರೋಗ್ರಾಮು ಆ ಸಾಲುಗಳನ್ನೂ ತಾನೇ ಸೂಚಿಸಬಲ್ಲದು.

ಇದರಲ್ಲಿ ಸಿಗುವ ಲಾಭವನ್ನು ನಮ್ಮ ರಾಗಿಯಿಂದಲೇ ತೋರಿಸಬಹುದು. ನಮ್ಮ ದೇಶದ ಆಹಾರಗಳ ಪೋಷಕಾಂಶಗಳನ್ನು ಕೋಷ್ಟಕವಾಗಿ ಕೊಟ್ಟ ಒಂದು ಸರಕಾರೀ ಪುಸ್ತಿಕೆ 1937ರಲ್ಲಿ ಕೂನೂರಿನ ಪೋಷಣ ಪ್ರಯೋಗಶಾಲೆಯಿಂದ ಬಂತು; ಆಯ್ಕ್‌ರಾಯ್ಡ್ ಎಂಬವರು ಅದನ್ನು ಸಿದ್ಧಪಡಿಸಿದರು. ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಅದರ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಶಕ್ತಿ 328 ಎಂದಿದೆ. 2017ರಲ್ಲಿ ಅದೇ ಸಂಸ್ಥೆ 528 ಆಹಾರಗಳಿಗೆ ಹೊಸದಾಗಿ ಅಳೆದು ಹೊರತಂದ ಕೋಷ್ಟಕದಲ್ಲಿ ಸುಮಾರು 1,340 ಎಂದಿದೆ. ರಾಗಿಯ ಕಸುವು ನಾಲ್ಕು ಪಟ್ಟು ಹೆಚ್ಚಿಲ್ಲ. ಹಳೆಯದು ಕಿಲೋಕ್ಯಾಲೊರಿಯಲ್ಲಿದೆ, ಹೊಸದು ಕಿಲೋಜೂಲಿನಲ್ಲಿದೆ, ಅಷ್ಟೆ. ಅಕ್ಕಿಯನ್ನು ಹಳೆಯ ಪುಸ್ತಕದಿಂದಲೂ ರಾಗಿಯನ್ನು ಹೊಸದರಿಂದಲೂ ತೆಗೆದುಕೊಂಡು ಒಂದು ಹಾಸ್ಟೆಲಿನ ಊಟವನ್ನು ಗೊತ್ತುಮಾಡಲು ಹೊರಟರೆ, ಯಂತ್ರ ಕಾಲು ಮುದ್ದೆಯಲ್ಲಿ ಹುಡುಗರ ಊಟವನ್ನು ಮುಗಿಸಿಬಿಡುತ್ತದೆ! ಕಲಮಿನ ಜೊತೆಗೆ ಅಳತೆಯ ಹೆಸರೂ ಯಂತ್ರಕ್ಕೆ ಓದಲು ಸಿಕ್ಕುವಂತಿದ್ದರೆ, ಈ ಎರಡನ್ನು ಕೂಡಲಾಗದು ಎಂದು ಅದೇ ನಿಲ್ಲಿಸುತ್ತದೆ. ಇದಲ್ಲದೆ ಅಂಕಿಗಳು ತಿನ್ನಬಹುದಾದ ಭಾಗದ ನೂರು ಗ್ರಾಮಿಗೆ ಹೇಳಿದವು. ಸಂತೆಯಲ್ಲಿ ಹಲಸಿನ ಹಣ್ಣಿಗೆ ಕೊಡುವ ದುಡ್ಡು ಸಿಪ್ಪೆ, ರಚ್ಚೆ, ಮೇಣ ಎಲ್ಲಕ್ಕೂ ಸೇರಿ. ಇದೂ ತಲೆಬರಹದಲ್ಲಿ ಇರಬೇಕಾದ ಮಾತೇ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೇ ಬಿಡಬಹುದಲ್ಲ ಎಂದು ನೀವು ಕೇಳಬಹುದು. ಆಗದು. ದರ ಎಂಬ ಕಲಮು ಇದೆ ಎಂದು ತಲೆಬರಹ ಹೇಳುತ್ತದೆ. ಆ ವೆಚ್ಚವನ್ನು ಕಡಿಮೆ ಮಾಡಬೇಕೆಂಬ ಬಯಕೆಯನ್ನು ಹೇಳುವುದಿಲ್ಲ. ಒಬ್ಬರಿಗೆ ವೆಚ್ಚ ಇಳಿಯಬೇಕು, ಇನ್ನೊಬ್ಬರಿಗೆ ಊರಿನ ಬೆಳೆಯೇ ಬಳಕೆಯಾಗಬೇಕು, ಮತ್ತೊಬ್ಬರಿಗೆ ಮಕ್ಕಳು ತಟ್ಟೆಯಲ್ಲಿ ಬಿಡದೆ ಉಣ್ಣಬೇಕು. ಭಂಡಾರ ಒಂದೇ, ಪ್ರಶ್ನೆಗಳು ಮೂರು. ಇನ್ನೊಂದು ತೊಡಕು ಉಂಟು. ಭಂಡಾರಗಳನ್ನು ಕಟ್ಟಿದವರು ದಿನನಿತ್ಯದ ವ್ಯವಹಾರಕ್ಕೆ ಕಟ್ಟಿದ್ದಾರೆ. ಬಿಲ್ಲು ಬರೆಯಲು, ಸರಕು ಎಣಿಸಲು. ಕೀಲಿಗಳನ್ನು ನಮೂದಿಸದೆ ಬಿಟ್ಟ ಕೋಷ್ಟಕಗಳೂ ಏನನ್ನೂ ಹೇಳದ ಕಲಮಿನ ಹೆಸರುಗಳೂ ಬೇಕಾದಷ್ಟು. ಎಂಟು ಅಕ್ಷರದ ಕಾಲ ಹೋಯಿತು, ಎಂಟು ಅಕ್ಷರದ ಚಾಳಿ ಹೋಗಿಲ್ಲ.

ಡ್ಯಾಂಟ್ಸಿಗ್‌ರ ಊಟದ ಪಟ್ಟಿ ಒಬ್ಬರ ಹೊಟ್ಟೆಯ ವಿಷಯ, ನಕ್ಕು ಬಿಡಬಹುದಾಗಿತ್ತು. ಅದೇ ಪ್ರಶ್ನೆ ಈಗ ಬೇರೆ ತೂಕದಲ್ಲಿ ನಡೆಯುತ್ತಿದೆ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ, ಯುದ್ಧ ಮತ್ತು ಬರಗಾಲಕ್ಕೆ ಸಿಕ್ಕಿದ ನಾಡುಗಳಲ್ಲಿ ಹಂಚುವ ಪಡಿಯಲ್ಲಿ ಏನೇನು ಎಷ್ಟೆಷ್ಟು ಇರಬೇಕು, ಅದನ್ನು ಎಲ್ಲಿ ಕೊಳ್ಳಬೇಕು, ಯಾವ ದಾರಿಯಲ್ಲಿ ಸಾಗಿಸಬೇಕು ಎಂಬುದನ್ನು ಒಟ್ಟಿಗೆ ಲೆಕ್ಕಹಾಕಲು ಆಪ್ಟಿಮಸ್ ಎಂಬ ಸಾಧನವನ್ನು ಬಳಸುತ್ತದೆ. 2020ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಆ ಸಂಸ್ಥೆಗೆ, ಈ ಬಗೆಯ ಗಣಿತದ ಕೆಲಸಕ್ಕಾಗಿ 2021ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿಯೂ ಬಂತು. ಪಡಿಚೀಲವನ್ನು ಬಿಚ್ಚುವ ತಾಯಿಗೆ ಕೋಷ್ಟಕದಲ್ಲಿ ಯಾವ ಕಲಮು ಯಾವ ಅಳತೆಯಲ್ಲಿತ್ತು ಎಂದು ಕೇಳುವ ದಾರಿಯಿಲ್ಲ. ಚೀಲದಲ್ಲಿ ಬಂದದ್ದೇ ಆ ತಿಂಗಳ ಊಟ. ಈ ಮಾದರಿಯನ್ನು ಸರಳಗೊಳಿಸಿ ಬಳಸಿಕೊಂಡ ಒಂದು ಸಂಶೋಧನ ಪ್ರಬಂಧದಲ್ಲಿ ಪೋಷಕಾಂಶಗಳ ಸಮೀಕರಣಗಳ ಜೊತೆಯಲ್ಲಿ ಎರಡು ಪುಟ್ಟ ಕಟ್ಟುಗಳನ್ನು ನೀವು ಕಾಣುವಿರಿ. ಸಕ್ಕರೆ ತಲೆಗೆ 20 ಗ್ರಾಂ. ಉಪ್ಪು 5 ಗ್ರಾಂ. ಅದಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ.